ಇಬ್ಬಿಬ್ಬರ ಸಾಲಿನ ಮಾಸ್ಟರು

ದುರ್ಗದ ಸುತ್ತಮುತ್ತ ಮದುವೆ ಮೆರವಣಿಗೆ ನೋಡಿದವರು ಒಂದು ಸಂಗತಿ ಗಮನಿಸಿರಬಹುದು. ಬೇರೆ ಊರುಗಳಲ್ಲಿ ಬ್ಯಾಂಡಿನವರು ರಸ್ತೆಯ ಅಗಲಕ್ಕೂ ನಿಂತು ಬಾರಿಸುತ್ತಾರೆ. ನಮ್ಮ ಕಡೆ ಕೆಲವು ಬ್ಯಾಂಡಿನವರು ಪ್ರಾರ್ಥನೆ ಮುಗಿಸಿ ತರಗತಿಗೆ ಹೊರಟ ಶಾಲೆ ಮಕ್ಕಳ ಹಾಗೆ ಇಬ್ಬಿಬ್ಬರಾಗಿ ಉದ್ದಕ್ಕೆ ಸಾಲು ಕಟ್ಟುತ್ತಾರೆ. ಹೋದ ತಿಂಗಳು ಕೆಲಸ ಮುಗಿಸಿ ಮನೆಗೆ ಹೊರಟಿದ್ದಾಗ ಇಂಥದ್ದೇ ಒಂದು ಬ್ಯಾಂಡು ಎದುರಾಯಿತು. ಆಟೋದವನು ಗಾಡಿ ಪಕ್ಕಕ್ಕೆ ಹಾಕಿ, "ಇದು ದುರ್ಗದ ಸ್ಟೈಲ್ ನೋಡ್ರಿ ಮೇಡಂ, ಬೆಂಗ್ಳೂರಾಗೂ ಸಿಗಲ್ಲ" ಎಂದು ಹೆಮ್ಮೆಯಿಂದ ಹೇಳಿದ. ನನಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ಒದ್ದೆಯಾಯಿತು. ಅದು ಸ್ಟೈಲೂ ಅಲ್ಲ, ಮಣ್ಣೂ ಅಲ್ಲ. ಅದು ಒಬ್ಬರ ಕಣ್ಣಿನ ಕಾಯಿಲೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಸಿಗಲಿಕ್ಕಿಲ್ಲ, ಏಕೆಂದರೆ ದುರ್ಗದಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಬ್ಯಾಂಡ್ ಮಾಸ್ಟರು, ಅಷ್ಟೆ. ಸಂತೆಹೊಂಡದ ಹತ್ತಿರದ ಗಲ್ಲಿಯೊಂದರಲ್ಲಿ ಅವರ ಪುಟ್ಟ ಅಂಗಡಿ. ಗೋಡೆಯ ತುಂಬ ಕೆಂಪು ಕೋಟುಗಳು, ಮೂಲೆಯಲ್ಲಿ ಡ್ರಮ್ಮುಗಳು, ಬಾಗಿಲಲ್ಲಿ ಸ್ಟೂಲಿನ ಮೇಲೆ ಅವರು. ಅಪ್ಪ ಟ್ರಂಪೆಟ್ ಊದುತ್ತಿದ್ದರು, ಅಜ್ಜನೂ ಊದುತ್ತಿದ್ದರು. "ನಮ್ಮನೇಲಿ ಹುಟ್ಟಿದ ಮಕ್ಕಳು ಅಳಲ್ಲ, ಊದ್ತಾವೆ" ಎನ್ನುತ್ತಿದ್ದರು. ಇವರೂ ನಲವತ್ತು ದಾಟಿದ ಮೇಲೂ ಕೆನ್ನೆ ಉಬ್ಬಿಸಿದರೆ ಎಳೆ ಕೂಸಿನ ಹಾಗೆಯೇ ಕಾಣುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಹೊಳಲ್ಕೆರೆಯಲ್ಲಿ, ನನ್ನದೇ ಮದುವೆಯಲ್ಲಿ. ತವರು ಬಿಡುವ ದುಃಖ, ಹೊಸ ಸೀರೆಯ ಸೆಕೆ, ಖಾಲಿ ಹೊಟ್ಟೆ, ಎಲ್ಲ ಸೇರಿ ನನ್ನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಫೋಟೋದವನು ನಗಿ ನಗಿ ಎಂದು ಕೇಳಿ ಸೋತಿದ್ದ. ಆಗ ಟ್ರಂಪೆಟ್ಟಿನವರೊಬ್ಬರು ನೇರ ನನ್ನ ಮುಂದೆ ಬಂದು ನಿಂತು, "ಏನಮ್ಮಾ ಮದುಮಗಳೇ, ನಗ್ತೀಯಾ, ಇಲ್ಲಾ ಇನ್ನೊಂದು ಹಾಡು ಊದ್ಲಾ?" ಎಂದರು. ಅವರ ಊದುವಿಕೆಗೆ ನನ್ನ ಕಿವಿ ಆಗಲೇ ಗುಂಯ್ ಎನ್ನುತ್ತಿತ್ತು. ಹೆದರಿ ನಕ್ಕುಬಿಟ್ಟೆ. ನನ್ನ ಮದುವೆ ಆಲ್ಬಮ್ಮಿನಲ್ಲಿ ನಗುವ ಫೋಟೋ ಇರುವುದು ಅದೊಂದೇ. ಅಂದಿನಿಂದ ನಾನು ಅವರಿಗೆ ಮದುಮಗಳೇ. ತಲೆಗೂದಲು ನೆರೆತ ಮೇಲೂ, ಆಸ್ಪತ್ರೆಯಲ್ಲಿ ಎಲ್ಲರೆದುರೂ, "ಮದುಮಗಳು ಎಲ್ಲಿ?" ಎಂದು ಕೇಳಿಕೊಂಡು ಬರುತ್ತಿದ್ದರು. ಹೊಸದಾಗಿ ಸೇರಿದ ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಆಸ್ಪತ್ರೆ ಎಂದೆನಲ್ಲ. ನಾನು ದುರ್ಗದ ಒಂದು ಕಣ್ಣಾಸ್ಪತ್ರೆಯಲ್ಲಿ ಕೌನ್ಸೆಲರ್. ಡಾಕ್ಟರು ಹೇಳಿದ್ದನ್ನು ರೋಗಿಗೆ ತಿಳಿಯುವ ಹಾಗೆ ಇನ್ನೊಮ್ಮೆ ಹೇಳುವುದು ನನ್ನ ಕೆಲಸ. ಡಾಕ್ಟರಿಗೆ ಬೈಯಲಾಗದ್ದನ್ನು ರೋಗಿಗಳು ನನಗೆ ಬೈಯುತ್ತಾರೆ, ಅದನ್ನು ಕೇಳಿಸಿಕೊಳ್ಳುವುದೂ ಕೆಲಸವೇ.

ಮಾಸ್ಟರು ಬ್ಯಾಂಡ್ ನಡೆಸುತ್ತಿದ್ದ ರೀತಿಯನ್ನು ಹೇಳಬೇಕು. ಅವರು ಮೆರವಣಿಗೆಗೆ ಬೆನ್ನು ಹಾಕಿ ನಡೆದವರಲ್ಲ. ಬಾರಿಸುವವರಿಗೆ ಮುಖ ಕೊಟ್ಟು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದರು. ಎದುರಿಗೆ ಅವರ ಜನ ಅರ್ಧಚಂದ್ರಾಕಾರವಾಗಿ ರಸ್ತೆ ತುಂಬ ಹರಡಿಕೊಂಡು ಬರುತ್ತಿದ್ದರು. ಬಾಯಲ್ಲಿ ಟ್ರಂಪೆಟ್ ಇರುವಾಗ ಮಾತಾಡಲು ಆಗುವುದಿಲ್ಲವಲ್ಲ, ಎಲ್ಲ ಹುಬ್ಬಿನಲ್ಲೇ. ಬಲ ಹುಬ್ಬು ಎತ್ತಿದರೆ ಕ್ಲಾರಿಯೋನೆಟ್, ಎರಡೂ ಎತ್ತಿದರೆ ದೊಡ್ಡ ಡ್ರಮ್ಮು, ಎಡ ಹುಬ್ಬು ಕುಣಿಸಿದರೆ ಎಡತುದಿಯ ಸೈಡ್ ಡ್ರಮ್ಮಿನವನು ಕಟಕಟ ಎಂದು ಕೋಲು ಉರುಳಿಸಬೇಕು. ತಮ್ಮವರಿಗೆ ಅವರು ಕಲಿಸಿದ ಮೊದಲ ಪಾಠ ಒಂದೇ. "ಸ್ವರ ತಪ್ಪಿದ್ರೆ ಮಾಫಿ ಐತೆ. ಜಾಗ ತಪ್ಪಿದ್ರೆ ಇಲ್ಲ."

ಇಂಥ ಮಾಸ್ಟರು ಒಂದು ವರ್ಷ ಇದ್ದಕ್ಕಿದ್ದ ಹಾಗೆ ಅರ್ಧಚಂದ್ರ ಬಿಟ್ಟು ಇಬ್ಬಿಬ್ಬರ ಸಾಲು ಕಟ್ಟಿದರು. ಊರು ಬೆರಗಾಯಿತು. ಬೈಕಿನವರಿಗೆ ಪಕ್ಕದಲ್ಲಿ ದಾರಿ ಸಿಕ್ಕಿತು, ಪೊಲೀಸರು ಭೇಷ್ ಎಂದರು, ಉಳಿದ ಬ್ಯಾಂಡಿನವರು ಇದರಲ್ಲೇನೋ ಗುಟ್ಟಿದೆ ಎಂದು ತಾವೂ ಹಾಗೇ ನಿಂತರು. ಹಿರಿಯೂರಿನ ಕಡೆಗೂ ಹೊಸದುರ್ಗದ ಕಡೆಗೂ ಹಬ್ಬಿತು. ದೊಡ್ಡವರು ಕೆಮ್ಮಿದರೂ ಅದು ರಾಗ ಎನ್ನುವ ಜನ ನಾವು.

ಗುಟ್ಟು ನನಗೆ ತಿಳಿದದ್ದು ಊಟದ ಎಲೆಯಿಂದ. ಹೊಳಲ್ಕೆರೆಯಲ್ಲಿ ನಮ್ಮ ಸಂಬಂಧಿಕರ ಮದುವೆ. ಬ್ಯಾಂಡಿನವರು ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದರು. ಬೀಗರ ಉಪಚಾರ ಮಾಡಿ ಸುಸ್ತಾದ ನಾನೂ ಅದೇ ಪಂಕ್ತಿಯಲ್ಲಿ ಅವರ ಎದುರಿಗಿದ್ದೆ. ಮಾಸ್ಟರು ಅನ್ನ ಕಲಸುತ್ತ, "ಏನ್ರೀ, ಬ್ಯಾಂಡಿನೋರು ಅಂದ್ರೆ ಉಪ್ಪಿನಕಾಯಿ ಇಲ್ಲ, ಪಲ್ಯ ಇಲ್ಲ, ಕೋಸಂಬರಿ ಇಲ್ಲ! ನಾವೇನು ಊದಿ ಹೊಟ್ಟೆ ತುಂಬಿಸ್ಕಂತೀವಾ?" ಎಂದು ಗದರಿದರು. ಬಡಿಸುವವರು ಓಡಿ ಬಂದು ನೋಡುತ್ತಾರೆ, ಎಲ್ಲವೂ ಎಲೆಯ ಎಡಗಡೆ ಬಡಿಸಿದ ಹಾಗೇ ಇದೆ. "ಇಲ್ಲೇ ಐತಲ್ರೀ ಮಾಸ್ಟ್ರೇ." ಅವರು ಕತ್ತು ತಿರುಗಿಸಿ ನೋಡಿದರು. "ಈಗ ಹಾಕಿದ್ರಿ, ನನಗೆ ಗೊತ್ತಿಲ್ವಾ?" ಎಂದು ನಕ್ಕರು. ಪಂಕ್ತಿಯೂ ನಕ್ಕಿತು. ನನಗೆ ನಗಲು ಆಗಲಿಲ್ಲ. ಕಣ್ಣಾಸ್ಪತ್ರೆಯಲ್ಲಿ ಕುಳಿತೂ ಕುಳಿತೂ ನನಗೆ ಅಂಥ ಎಲೆ ಕಂಡರೆ ಕಣ್ಣಿನ ಮೇಲೇ ಅನುಮಾನ ಬರುತ್ತದೆ. ನಾನು ಎದ್ದು ಹೋಗಿ ನೀರಿನ ಲೋಟವನ್ನು ಅವರ ಎಡಗಡೆಯಿಂದ ಮೆಲ್ಲಗೆ ಚಾಚಿದೆ. ಲೋಟ ಅವರ ಕೆನ್ನೆಯ ಹತ್ತಿರ ಬಂದರೂ ಅವರಿಗೆ ಗೊತ್ತಾಗಲಿಲ್ಲ.

ಅವರನ್ನು ಆಸ್ಪತ್ರೆಗೆ ಕರೆತರಲು ಪಟ್ಟ ಪಾಡು ನನಗೇ ಗೊತ್ತು. "ನನ್ನ ಕಣ್ಣಿಗೇನಾಗೈತೆ? ಪೇಪರ್ ಓದ್ತೀನಿ, ಕೋಟಿನ ಗುಂಡಿ ನಾನೇ ಹೊಲ್ಕಂತೀನಿ" ಎಂದು ವಾದಿಸಿದರು. ಅದು ನಿಜವೇ. ಗ್ಲಾಕೋಮಾ ಎಂಬ ಕಾಯಿಲೆಯ ಕಪಟವೇ ಅದು. ನಡುವಿನ ದೃಷ್ಟಿಯನ್ನು ಕೊನೆಯವರೆಗೂ ಮುಟ್ಟದೆ ಅಂಚಿನಿಂದ ಕೊರೆಯುತ್ತ ಬರುತ್ತದೆ. ನೋವಿಲ್ಲ, ಕೆಂಪಿಲ್ಲ, ಕತ್ತಲೆಯೂ ಕಾಣುವುದಿಲ್ಲ. ಇರುವ ವಸ್ತು ಇಲ್ಲ ಎನ್ನಿಸುತ್ತದೆ, ಅಷ್ಟೇ. ಕೊನೆಗೆ ಅವರ ಹೆಂಡತಿಯ ಬೆನ್ನು ಬಿದ್ದೆ. ಆಕೆಯದು ಮಾತು ಕಡಿಮೆ, ಕೆಲಸ ಜಾಸ್ತಿ. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಗಂಡನನ್ನು ಆಸ್ಪತ್ರೆಗೆ ಕರೆತಂದರು.

ಪರೀಕ್ಷೆಗೆ ಕಾಯುವಾಗ ಹೊತ್ತು ಹೋಗಲೆಂದು, ಬ್ಯಾಂಡು ಹೇಗಿದೆ ಮಾಸ್ಟ್ರೇ ಎಂದು ಕೇಳಿದೆ. ಅವರು ಹೊಟ್ಟೆಯಲ್ಲಿದ್ದ ಸಿಟ್ಟನ್ನೆಲ್ಲ ತೋಡಿಕೊಂಡರು.

"ಏನು ಹೇಳ್ಲಿ ಮದುಮಗಳೇ. ಬಿ.ದುರ್ಗದ ತಿಪ್ಪೇಶಿ ಇದ್ದನಲ್ಲ, ಸೈಡ್ ಡ್ರಮ್ಮು? ಮೀಸೆ ಬರೋಕೆ ಮೊದ್ಲೇ ನನ್ನತ್ರ ಬಂದೋನು. ಮಗನ ಹಂಗೆ ನೋಡ್ಕಂಡಿದ್ದೆ. ಅವನೇ ಜಾಗ ಬಿಡೋಕೆ ಶುರು ಮಾಡಿದ. ಹುಬ್ಬು ಕುಣಿಸ್ತೀನಿ, ಎಡಗಡೆ ಆಳೇ ಇಲ್ಲ! ತಿರುಗಿ ನೋಡಿದ ಕೂಡ್ಲೇ ಬಂದು ನಿಂತಿರ್ತಾನೆ ಕಳ್ಳ. ಬೀಡಿ ಸೇದೋಕೆ ಹೋಗ್ತಾನೆ ಅಂತ ನನಗೆ ಗೊತ್ತಾಯ್ತು."

"ತಿಪ್ಪೇಶಿ ಬೀಡಿ ಸೇದ್ತಾನಾ?"

"ಇಲ್ಲ ಅಂತ ದೇವರ ಮೇಲೆ ಆಣೆ ಮಾಡಿದ. ಸುಳ್ಳು. ಭೀಮಸಮುದ್ರದಾಗೆ ಒಂದು ಮದುವೆ, ಎಲ್ಲರೆದುರೂ ಡ್ರಮ್ಮು ಕಿತ್ಕಂಡು ಕಳಿಸ್ದೆ. ಆಮೇಲೆ ಆ ಜಾಗಕ್ಕೆ ಬಂದೋನೂ ಹಂಗೇ ಮಾಡ್ದ. ಅವನ ಪಕ್ಕದೋನೂ ಅದನ್ನೇ ಕಲ್ತ. ನನ್ನ ಬ್ಯಾಂಡಿಗೇ ಬೀಡಿ ರೋಗ ಬಂದೈತೆ ಅಂತ ಎಲ್ಲರನ್ನೂ ಇಬ್ಬಿಬ್ಬರಾಗಿ ನನ್ನ ಮೂಗಿನ ಮುಂದೇನೇ ನಿಲ್ಲಿಸ್ದೆ. ಈಗ ಹೆಂಗೆ ತಪ್ಪಿಸ್ಕಂತಾರೆ ನೋಡಾಣ!"

ಪರೀಕ್ಷೆ ಆಗುವ ಮೊದಲೇ ನನಗೆ ಉತ್ತರ ಗೊತ್ತಿತ್ತು.

ನಮ್ಮ ಡಾಕ್ಟರಮ್ಮ ಕಡಿಮೆ ಮಾತಿನವರು. ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣಿನಲ್ಲಿ ನಡುಭಾಗ ಮಾತ್ರ ಉಳಿದಿದೆ, ಕಣ್ಣಿನ ಒತ್ತಡ ತುಂಬ ಇದೆ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು. ದೃಷ್ಟಿಯ ಹರವು ಅಳೆಯುವ ಯಂತ್ರದ ಚಿತ್ರವನ್ನು ಮಾಸ್ಟರಿಗೆ ತೋರಿಸಿದವಳು ನಾನು. ನಡುವೆ ಪುಟ್ಟ ತಟ್ಟೆಯ ಹಾಗೆ ಒಂದಿಷ್ಟು ಬಿಳಿ, ಸುತ್ತ ಮಸಿ.

"ಎಡಗಡೆ ಇದೇನಿದು, ಇಷ್ಟು ಕರ್‍ರಗೆ?"

"ಅಲ್ಲಿ ನಿಮಗೆ ಕಾಣಲ್ಲ ಮಾಸ್ಟ್ರೇ."

"ಯಾವಾಗಿಂದ?"

"ವರ್ಷಗಳೇ ಆಗಿರ್ಬೇಕು."

ಅವರು ಆ ಚಿತ್ರವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಕುರುಡಾಗುತ್ತೇನಾ ಎಂದು ಕೇಳುತ್ತಾರೆ, ಎಲ್ಲರೂ ಅದನ್ನೇ ಕೇಳುತ್ತಾರೆ ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಹಂಗಾದ್ರೆ ತಿಪ್ಪೇಶಿ ಅಲ್ಲೇ ಇದ್ದನಾ?"

ನಾನು ಹೌದು ಎಂದೆ. ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಮಾರನೆಯ ದಿನ ಬೆಳಿಗ್ಗೆ ಔಷಧಿ ಹನಿ ಕೊಳ್ಳುವ ಮೊದಲೇ ಅವರು ಬಿ.ದುರ್ಗ ಹಳ್ಳಿಗೆ ಹೋಗುವ ಬಸ್ಸು ಹತ್ತಿದರಂತೆ. ತಿಪ್ಪೇಶಿ ಆಗ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅರ್ಧ ಎದ್ದ ಗೋಡೆಯ ಮೇಲೆ ನಿಂತವನ ಕೆಳಗೆ ಮಾಸ್ಟರು ಬಂದು ನಿಂತರು. ಆ ಮಾತುಕತೆಯನ್ನು ತಿಪ್ಪೇಶಿ ನನಗೆ ಎಷ್ಟು ಸಲ ಹೇಳಿದ್ದಾನೋ, ಹೇಳಿದಾಗಲೆಲ್ಲ ಅಷ್ಟೇ ಉತ್ಸಾಹ.

"ಲೇ ತಿಪ್ಪೇಶಿ, ನೀನು ಅಲ್ಲೇ ಇದ್ಯಂತೆ ಕಣೋ. ಆಸ್ಪತ್ರೇಲಿ ಹೇಳಿದ್ರು."

"ನಾನು ಅವತ್ತೇ ಹೇಳಿದ್ನಲ್ರೀ ಮಾಸ್ಟ್ರೇ!"

"ನೀನು ಹೇಳಿದ್ರೆ ಯಾರೋ ನಂಬ್ತಾರೆ? ಈಗ ಮಿಷನ್ನೇ ಹೇಳೈತೆ. ಇಳಿ ಕೆಳಕ್ಕೆ."

ತಿಪ್ಪೇಶಿ ಇಳಿದ. ಕೈಯೆಲ್ಲ ಸಿಮೆಂಟು. ಮಾಸ್ಟರು ಆ ಕೈಯನ್ನು ಹಾಗೇ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಳ್ಳಲು ಹೋದರಂತೆ. "ಅಯ್ಯೋ, ಸಿಮೆಂಟ್ ಬೀಳ್ತೈತೆ, ಇರೋ ಕಣ್ಣೂ ಹೋಗ್ತೈತೆ ಬಿಡ್ರಿ!" ಎಂದು ಅವನು ಕೈ ಕಿತ್ತುಕೊಂಡನಂತೆ. ಆಮೇಲೆ ಇಬ್ಬರೂ ಅತ್ತರು ಎಂದು ಅವನು ಹೇಳುವುದಿಲ್ಲ. ಅಲ್ಲಿದ್ದ ಮೇಸ್ತ್ರಿ ಹೇಳುತ್ತಾನೆ.

ಅಂದಿನಿಂದ ತಿಪ್ಪೇಶಿ ಮತ್ತೆ ಬ್ಯಾಂಡಿಗೆ ಬಂದ. ಮಾಸ್ಟರ ಎಡಗಡೆಗೆ ಅವನೇ ಕಾವಲು. ರಸ್ತೆ ದಾಟುವಾಗ ಮೊಣಕೈ ಹಿಡಿಯುತ್ತಿದ್ದ. ಬಸ್ಸಿನಲ್ಲಿ ಎಡಗಡೆಯೇ ಕುಳಿತುಕೊಳ್ಳುತ್ತಿದ್ದ. ದಿನಕ್ಕೆ ಹಲವು ಸಲ ಹನಿ ಹಾಕಬೇಕಿತ್ತು, ಅದೂ ಹೊತ್ತು ತಪ್ಪದ ಹಾಗೆ. ತಂಪಾಗಿ ಇಡಬೇಕಾದ ಒಂದು ಸೀಸೆ ಪಕ್ಕದ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ ಇರುತ್ತಿತ್ತು. ಮೆರವಣಿಗೆಯ ನಡುವೆ ಹೊತ್ತಾದರೆ ಬ್ಯಾಂಡು ನಿಲ್ಲುತ್ತಿತ್ತು. ಮಾಸ್ಟರು ಜನರೇಟರ್ ಗಾಡಿಯ ಅಂಚಿಗೆ ಒರಗಿ ಮುಖ ಮೇಲೆತ್ತಿದರೆ ತಿಪ್ಪೇಶಿ ಹನಿ ಹಾಕುತ್ತಿದ್ದ. ಹೊಸದುರ್ಗದ ಒಂದು ಮದುವೆಯಲ್ಲಿ ಹುಡುಗಿ ಕಡೆಯ ಅಜ್ಜಿಯೊಬ್ಬರು ಅದನ್ನು ಕಂಡು, "ನಮ್ಮ ಹುಡುಗಿ ಹೊರಟಳು ಅಂತ ಬ್ಯಾಂಡಿನ ಸಾಬ್ರೂ ಅಳ್ತಾ ಅವ್ರೆ ನೋಡ್ರೇ" ಎಂದು ತಾವೂ ಗೊಳೋ ಎಂದರಂತೆ. ಇದನ್ನು ಹೇಳುವಾಗ ಮಾಸ್ಟರಿಗೆ ಅಪಾರ ಸಂತೋಷ.

ಆದರೆ ಕಾಯಿಲೆಗೆ ತಮಾಷೆ ತಿಳಿಯುವುದಿಲ್ಲ. ಹನಿಗಳಿಂದ ಒತ್ತಡ ಇಳಿಯಲಿಲ್ಲ. ಡಾಕ್ಟರಮ್ಮ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕೆರೆಯ ಲೆಕ್ಕದಲ್ಲಿ ಹೇಳಿದರೆ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಕಣ್ಣಿನೊಳಗೆ ನೀರು ಸದಾ ಬರುತ್ತಿರುತ್ತದೆ, ಸದಾ ಹೋಗುತ್ತಿರುತ್ತದೆ. ಹೋಗುವ ತೂಬು ಕಟ್ಟಿಕೊಂಡರೆ ನೀರು ಒತ್ತುತ್ತದೆ, ನೋಟದ ನರ ಸಾಯುತ್ತದೆ. ಅದಕ್ಕೇ ಇನ್ನೊಂದು ತೂಬು ಕೊರೆದದ್ದು. ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಕೊರೆದ ಜಾಗ ಮಾಯ್ದು ಮುಚ್ಚಿಕೊಂಡಿತು. ಗಾಯ ಮಾಯಲಿ ಎಂದು ಹರಕೆ ಹೊರುವ ಜನಕ್ಕೆ, ಈ ಗಾಯ ಮಾಯಬಾರದಿತ್ತು ಎಂದು ಹೇಗೆ ಹೇಳುವುದು? ಒತ್ತಡ ಮತ್ತೆ ಏರಿತು. ಬಿಳಿಯ ತಟ್ಟೆ ಇನ್ನಷ್ಟು ಚಿಕ್ಕದಾಯಿತು.

ಆಗ ಡಾಕ್ಟರಮ್ಮ ಟ್ರಂಪೆಟ್ಟಿನ ಮಾತು ಎತ್ತಿದರು. ಉಸಿರು ಕಟ್ಟಿ ಜೋರಾಗಿ ಊದಿದರೆ ಕಣ್ಣಿನ ಒತ್ತಡ ಏರುತ್ತದೆ, ನಿಮ್ಮ ಕಣ್ಣಿಗೆ ಅದನ್ನು ತಡೆಯುವ ಶಕ್ತಿ ಇಲ್ಲ, ನಿಲ್ಲಿಸಿ ಎಂದರು. ಮಾಸ್ಟರು ಒಪ್ಪಿದರು. ಎಷ್ಟು ಸಲೀಸಾಗಿ ಒಪ್ಪಿದರೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ಮದುವೆಗಳಲ್ಲಿ ಊದುವುದು ನಿಜಕ್ಕೂ ನಿಂತಿತು, ಬೇರೆಯವರು ಊದುತ್ತಿದ್ದರು. ಆದರೂ ತಪಾಸಣೆಗೆ ಬಂದಾಗಲೆಲ್ಲ ಒತ್ತಡ ಏರಿಯೇ ಇರುತ್ತಿತ್ತು. ಕೋಟೆಗೆ ಬೆಳಗಿನ ವಾಕಿಂಗ್ ಹೋಗುವ ನಮ್ಮ ಪಕ್ಕದ ಮನೆಯವರು ಒಂದು ದಿನ, "ಮೇಲೆ ಬಂಡೆ ಹಿಂದೆ ಯಾರೋ ಭಾಳ ಚೆಂದ ಟ್ರಂಪೆಟ್ ಊದ್ತಾರೆ ಕಣ್ರೀ" ಎಂದಾಗ ನನಗೆ ಮೈ ಉರಿದು ಹೋಯಿತು.

ಅವರು ಬಂದ ದಿನ ಬಾಗಿಲಲ್ಲೇ ಹಿಡಿದೆ. "ಕೋಟೆಗೆ ಗಾಳಿ ಸೇವನೆಗೆ ಹೋಗ್ತೀರಂತೆ?"

"ಕಣ್ಣು ಚಾಡಿ ಹೇಳ್ತಾ?"

"ಕಣ್ಣೂ ಹೇಳ್ತು, ಊರೂ ಹೇಳ್ತು. ನಿಮಗೆ ನಾಚಿಕೆ ಆಗಲ್ವಾ ಮಾಸ್ಟ್ರೇ? ಇಷ್ಟು ಜನ ನಿಮ್ಮ ಕಣ್ಣು ಉಳಿಸೋಕೆ ಒದ್ದಾಡ್ತಾ ಇದ್ರೆ ನೀವು ಅದನ್ನ ಊದಿ ಆರಿಸ್ತಾ ಇದೀರಿ."

ನನ್ನ ದನಿ ಏರಿತ್ತು. ಹೊರಗೆ ಕುಳಿತ ರೋಗಿಗಳೆಲ್ಲ ನೋಡಿದರು. ಅವರು ಗದರಲಿಲ್ಲ. "ಬೈ ಮದುಮಗಳೇ, ಬೈ. ಆದ್ರೆ ಕೇಳು. ಬಾಯಿಗೆ ಇಟ್ಕಂಡಾಗ ನನಗೆ ಎಡಗಡೆನೂ ಕಂಡಂಗೆ ಆಗ್ತೈತೆ" ಎಂದರು. ನಾನು ಅವರ ಫೈಲು ಹಿಡಿದು ಒಳಗೆ ಕರೆದುಕೊಂಡು ಹೋದೆ.

ಆ ದಿನವೇ ಡಾಕ್ಟರಮ್ಮ ಲೇಸರ್ ಚಿಕಿತ್ಸೆಯ ಮಾತಾಡಿದರು. ಹನಿಗೂ ಚಾಕುವಿಗೂ ಬಗ್ಗದ ಗ್ಲಾಕೋಮಾಕ್ಕೆ ಅದೊಂದು ದಾರಿ. ಹೋಗುವ ತೂಬು ತೆರೆಯದಿದ್ದರೆ ಬರುವ ನೀರನ್ನೇ ಕಡಿಮೆ ಮಾಡುವುದು. ಕಣ್ಣಿನ ಬಿಳಿಭಾಗದ ಮೇಲೆ ಪೆನ್ನಿನಂಥ ಸಾಧನ ಇಟ್ಟು, ಒಳಗೆ ನೀರು ಹುಟ್ಟಿಸುವ ಜಾಗಕ್ಕೆ ಲೇಸರನ್ನು ಬಿಟ್ಟು ಬಿಟ್ಟು ಕೊಡುತ್ತಾರೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಇದನ್ನೆಲ್ಲ ನಾನು ಬಿಡಿಸಿ ಹೇಳಿದೆ. ಮಾಸ್ಟರು ಎಲ್ಲ ಕೇಳಿ ಎದ್ದು ನಿಂತರು.

"ಲೇಸರ್ರಾ? ಆ ಡಿಜೆ ಗಾಡಿ ಮೇಲೆ ಹಸಿರು, ಕೆಂಪು ಬಿಡ್ತಾರಲ್ಲ, ಅದಾ? ಅದು ಬಂದೇ ನನ್ನ ಬ್ಯಾಂಡಿನ ಹೊಟ್ಟೆ ಮೇಲೆ ಹೊಡೀತು. ಈಗ ಅದನ್ನೇ ತಂದು ನನ್ನ ಕಣ್ಣಿಗೆ ಬಿಡ್ತೀರಾ? ನಡಿಯೋ ತಿಪ್ಪೇಶಿ, ಹೋಗಾಣ."

ಹೊರಟೇ ಹೋದರು. ಅವರ ಹೆದರಿಕೆ ಡಿಜೆಯದಲ್ಲ ಎಂದು ನನಗೆ ಗೊತ್ತಿತ್ತು. ನಾನೇ ಹೇಳಿದ್ದೆನಲ್ಲ, ಇದ್ದದ್ದು ಇದ್ದ ಹಾಗೆ. ಹೋದ ನೋಟ ಬರುವುದಿಲ್ಲ. ಕೆಲವರಿಗೆ ಇನ್ನೊಮ್ಮೆ ಮಾಡಬೇಕಾಗುತ್ತದೆ. ಅಪರೂಪಕ್ಕೆ ಇರುವ ನೋಟವೂ ಮಂಕಾಗಬಹುದು. ಉಳಿದಿರುವುದೇ ಒಂದು ಕಣ್ಣು, ಅದರಲ್ಲೂ ಒಂದು ತುಣುಕು. ಆ ತುಣುಕಿನಲ್ಲೇ ಅವರ ಹೆಂಡತಿಯ ಮುಖ, ಮೊಮ್ಮಗಳ ಮುಖ, ಬ್ಯಾಂಡು, ಸಂತೆಹೊಂಡ ಎಲ್ಲ ಇದ್ದವು. ಅದನ್ನು ಪಣಕ್ಕಿಡು ಎಂದರೆ ಯಾರು ತಾನೇ ಹೂಂ ಎಂದಾರು?

ಸಂಜೆ ಅಂಗಡಿಗೆ ಹೋದೆ. ಅಂಗಡಿಯ ಬಾಗಿಲಲ್ಲಿ ಮಾಸ್ಟರು, ಅವರ ಹೆಂಡತಿ, ಎಡಗಡೆ ತಿಪ್ಪೇಶಿ. "ಕುಂತ್ಕಳ್ರಿ" ಎಂದು ತಿಪ್ಪೇಶಿ ಡ್ರಮ್ಮನ್ನೇ ನನ್ನ ಕಡೆ ನೂಕಿದ. ನಾನು ನಿಂತೇ ಮಾತಾಡಿದೆ.

"ಮಾಡಿಸಿದ್ರೆ ಉಳಿಯೋ ಸಾಧ್ಯತೆ ಜಾಸ್ತಿ ಮಾಸ್ಟ್ರೇ. ಮಾಡಿಸದಿದ್ರೆ ಹೋಗೋದು ಖಂಡಿತ. ಇದಕ್ಕಿಂತ ಸಿಹಿ ಮಾಡಿ ಹೇಳೋಕೆ ನನಗೆ ಬರಲ್ಲ."

ಉತ್ತರ ಕೊಟ್ಟವನು ತಿಪ್ಪೇಶಿ. ಅವನು ಗುರುವಿನೆದುರು ಅಷ್ಟು ಬಿರುಸಾಗಿ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಮಾಸ್ಟ್ರೇ, ಅವತ್ತು ಭೀಮಸಮುದ್ರದಾಗೆ ನಾನು ನಿಮ್ಮೆದುರಿಗೆ ನಿಂತು, ಇದೀನಿ ಇದೀನಿ ಅಂತ ಬಡ್ಕಂಡ್ರೂ ನೀವು ನಂಬ್ಲಿಲ್ಲ. ಯಾಕಂದ್ರೆ ನಿಮಗೆ ಕಾಣ್ಲಿಲ್ಲ. ಇವತ್ತು ಈ ಅಕ್ಕೋರು, ದಾರಿ ಐತೆ ಅಂತಾರೆ. ನಿಮಗೆ ಕಾಣ್ತಿಲ್ಲ, ಅಷ್ಟೇ. ಕಾಣ್ದಿದ್ದೂ ಇರ್ತೈತೆ ಅಂತ ಇನ್ನೊಂದ್ಸಲ ನಂಬ್ರಿ."

ಗಲ್ಲಿಯಲ್ಲಿ ಯಾರದೋ ಕುಕ್ಕರು ಕೂಗಿತು. ಮಾಸ್ಟರ ಹೆಂಡತಿ ಎದ್ದರು, ಗೂಟಕ್ಕೆ ನೇತುಹಾಕಿದ್ದ ಟ್ರಂಪೆಟ್ ತೆಗೆದುಕೊಂಡರು, ಅಂಗಡಿಯ ಹಿಂದಿದ್ದ ಮನೆಯೊಳಗೆ ಹೋದರು. ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು ಹಾಕಿದ ಸದ್ದು ಕೇಳಿಸಿತು. ಮಾಸ್ಟರು ಆ ಸದ್ದು ಬಂದ ಕಡೆ ನೋಡಿ, "ಆಯ್ತು, ಅಕ್ಕಿ ಜತೆ ನನ್ನ ಉಸಿರೂ ಹೂತಾಯ್ತು. ಬರ್ತೀನಿ ಬಿಡು ಮದುಮಗಳೇ" ಎಂದರು.

ಚಿಕಿತ್ಸೆಯ ದಿನ ಕಣ್ಣಿನ ಪಕ್ಕ ಮರಗಟ್ಟಿಸುವ ಸೂಜಿ ಚುಚ್ಚುವಾಗ ಅವರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ನನ್ನ ಬಳೆ ಒಡೆಯಿತು. ಆಮೇಲೆ ಯಂತ್ರ ಕೂಗತೊಡಗಿತು, ಟೀಂಕ್ ಟೀಂಕ್ ಟೀಂಕ್, ಒಂದೇ ಸಮನೆ. ಮಂಚದ ಮೇಲೆ ಮಾಸ್ಟರ ಬೆರಳು ತನ್ನಷ್ಟಕ್ಕೆ ತಾಳ ಹಾಕಲು ಶುರು ಮಾಡಿತು. "ಅಲುಗಾಡಬೇಡಿ" ಎಂದು ಡಾಕ್ಟರಮ್ಮ ಗದರಿದರು. ಕೆಲವೇ ನಿಮಿಷದ ಕೆಲಸ. ಪಟ್ಟಿ ಕಟ್ಟಿ ಹೊರಗೆ ಕರೆತಂದಾಗ ಮಾಸ್ಟರು, "ನಿಮ್ಮ ಮಿಷನ್ನಿಗೆ ಒಂದೇ ತಾಳ ಬರೋದು. ಆದ್ರೆ ತಪ್ಪದೇ ಬಾರಿಸ್ತೈತೆ, ಪರವಾಗಿಲ್ಲ. ನನ್ನ ಬ್ಯಾಂಡಿಗೆ ಸೇರಿಸ್ಕಂಬಹುದು" ಎಂದರು. ಡಾಕ್ಟರಮ್ಮ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದೆ.

ಮರುದಿನ ಪಟ್ಟಿ ಬಿಚ್ಚಿದಾಗ ಕಣ್ಣು ಕೆಂಪಗೆ ಊದಿಕೊಂಡಿತ್ತು. ಅವರು ಆ ಕಣ್ಣನ್ನು ಮೆಲ್ಲಗೆ ತೆರೆದು ನನ್ನನ್ನೇ ದಿಟ್ಟಿಸಿ, "ಮದುಮಗಳ ಕೈಯಾಗೆ ಬಳೆ ಯಾಕೆ ಕಮ್ಮಿ ಆಗೈತೆ?" ಎಂದರು. ನಾನು ಫೈಲು ತರುವ ನೆಪದಲ್ಲಿ ಹೊರಗೆ ಬಂದು ಅತ್ತೆ.

ಒತ್ತಡ ತಕ್ಷಣಕ್ಕೆ ಪೂರ್ತಿ ಇಳಿಯಲಿಲ್ಲ. ವಾರಗಳು ಹಿಡಿದವು. ಕೆಲವು ತಿಂಗಳ ಮೇಲೆ ಇನ್ನೊಂದು ಸಲ ಲೇಸರ್ ಕೊಡಬೇಕಾಯಿತು. ಆ ಸಲ ಅವರೇ ಮುಂದಾಗಿ ಬಂದು ಮಂಚ ಹತ್ತಿದರು. ಆಮೇಲೆ ಒತ್ತಡ ಹತೋಟಿಗೆ ಬಂತು. ಕೆಲವು ಹನಿಗಳು ಮುಂದುವರಿದವು, ಸೋಡಾ ಅಂಗಡಿಯ ಸೀಸೆಗೆ ನಿವೃತ್ತಿ ಸಿಕ್ಕಿತು. ಮುಂದಿನ ವರ್ಷದ ಚಿತ್ರವನ್ನು ಹಳೆಯದರ ಪಕ್ಕ ಇಟ್ಟು ತೋರಿಸಿದೆ. ಬಿಳಿಯ ತಟ್ಟೆ ಇದ್ದಷ್ಟೇ ಇತ್ತು. ನಮ್ಮ ಕೆಲಸದಲ್ಲಿ ಹಬ್ಬ ಮಾಡಬೇಕಾದ ಸುದ್ದಿ ಇದೇ, ಇದ್ದಷ್ಟೇ ಇದೆ ಎನ್ನುವುದು.

ಇರುವಷ್ಟರಲ್ಲಿ ಹೇಗೆ ನೋಡಬೇಕೆಂದು ನಾವು ಹೇಳಿಕೊಟ್ಟೆವು. ಕಣ್ಣು ಮಾತ್ರ ಹೊರಳಿಸಿದರೆ ಸಾಲದು, ಕತ್ತನ್ನು ಅತ್ತಿತ್ತ ಪೂರ್ತಿ ತಿರುಗಿಸುತ್ತ ನಡೆಯಬೇಕು. ಮಾಸ್ಟರು ಅದನ್ನು ಶ್ರದ್ಧೆಯಿಂದ ಕಲಿತರು. ಹಿಮ್ಮುಖವಾಗಿ ನಡೆಯುವುದನ್ನು ಬಿಡಲಿಲ್ಲ, ಬೆನ್ನ ಹಿಂದೆ ಒಬ್ಬರನ್ನು ಇಟ್ಟುಕೊಂಡರು. ಟ್ರಂಪೆಟ್ ಬದಲು ಕೈಯಲ್ಲೊಂದು ಬೆತ್ತ ಹಿಡಿದು, ಕತ್ತನ್ನು ಎಡಕ್ಕೂ ಬಲಕ್ಕೂ ಗಂಭೀರವಾಗಿ ತಿರುಗಿಸುತ್ತ ಹೆಜ್ಜೆ ಹಾಕಿದರೆ ಜನ ಇದೂ ಒಂದು ಹೊಸ ಸ್ಟೈಲ್ ಎಂದು ತಿಳಿದರು. ಬೇರೆ ಬ್ಯಾಂಡಿನ ಮಾಸ್ಟರೊಬ್ಬರು ಹ್ಞೂಂ ಹ್ಞೂಂ ಎಂದು ಕತ್ತು ತಿರುಗಿಸುತ್ತ ಬರುವುದನ್ನು ನಾನೇ ನೋಡಿದ್ದೇನೆ.

ಈಗ ಅವರು ಹಿರಿಯೂರಿನಲ್ಲಿ ಮಗಳ ಮನೆಯ ಪಕ್ಕವೇ ಮನೆ ಮಾಡಿಕೊಂಡು ಇದ್ದಾರೆ. ಬ್ಯಾಂಡನ್ನು ತಿಪ್ಪೇಶಿಗೆ ವಹಿಸಿದ್ದಾರೆ. ತಪಾಸಣೆಗೆ ತಪ್ಪದೆ ಬರುತ್ತಾರೆ. ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿದ್ದಾಗ ಫೋನು ಮಾಡಿ, "ಬಾ ಮದುಮಗಳೇ, ತೋರಿಸ್ತೀನಿ. ಕತ್ತು ತಿರುಗಿಸಿ ತಿರುಗಿಸಿ ಈ ತುದಿಯಿಂದ ಆ ತುದಿವರ್ಗೂ ನೋಡ್ದೆ. ಒಂದೇ ಸಲ ನೋಡ್ದೋರು ನನ್ನಷ್ಟು ನೋಡಿರಲ್ಲ" ಎಂದರು.

ದುರ್ಗ ಬಿಡುವ ಮೊದಲು ಅವರು ನಡೆಸಿದ ಕೊನೆಯ ಮೆರವಣಿಗೆ ನಮ್ಮ ಮನೆಯದೇ, ನನ್ನ ಮೈದುನನ ಮಗಳ ಮದುವೆ, ಹೊಳಲ್ಕೆರೆಯಲ್ಲಿ. ಮಾಸ್ಟರು ಆ ದಿನ ಇಬ್ಬಿಬ್ಬರ ಸಾಲು ಕಟ್ಟಲಿಲ್ಲ. "ಇವತ್ತು ಹಳೇ ಥರ ನಿಲ್ರಿ" ಎಂದರು. ಕೆಂಪು ಕೋಟುಗಳು ರಸ್ತೆಯ ಅಗಲಕ್ಕೂ ಅರ್ಧಚಂದ್ರವಾಗಿ ಹರಡಿದವು. ಎಡತುದಿಯಲ್ಲಿ ತಿಪ್ಪೇಶಿ. ಅವನಿಗೆ ಒಳಗೊಳಗೇ ಅಳುಕು. ಡ್ರಮ್ಮಿನ ಮೇಲೆ ಕೋಲು ಉರುಳಿಸುವ ಘಟ್ಟ ಹತ್ತಿರ ಬಂದಾಗ ಅವನು ಯಾರಿಗೂ ತಿಳಿಯದ ಹಾಗೆ ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಮಾಸ್ಟರ ಕಣ್ಣಿಗೆ ಬೀಳುವಲ್ಲಿ ನಿಂತ. ಅದು ಅವರಿಗೆ ಕಾಣಿಸಿತು. ಅವರು ಬೆತ್ತ ಎತ್ತಿ ಇಡೀ ಬ್ಯಾಂಡನ್ನು ನಿಲ್ಲಿಸಿಬಿಟ್ಟರು. ಮೆರವಣಿಗೆ ನಿಂತಿತು. ಸಾರೋಟಿನಲ್ಲಿ ಕುಳಿತ ಮದುಮಗಳೂ ಇಣುಕಿ ನೋಡಿದಳು.

"ಲೇ ತಿಪ್ಪೇಶಿ, ಜಾಗ ಬಿಟ್ಟು ಯಾಕೋ ಬಂದೆ?"

"ನಿಮಗೆ ಕಾಣ್ಲಿ ಅಂತ ಮಾಸ್ಟ್ರೇ..."

"ನಿನ್ನ ಜಾಗ ಅದು. ಹೋಗಿ ಅಲ್ಲೇ ನಿಂತ್ಕ. ನಾನು ತಿರುಗಿ ನೋಡ್ತೀನಿ."

ತಿಪ್ಪೇಶಿ ಹಿಂದೆ ಸರಿದು ತುದಿಯಲ್ಲಿ ನಿಂತ. ಬ್ಯಾಂಡು ಮತ್ತೆ ಶುರುವಾಯಿತು. ಘಟ್ಟ ಬಂದಾಗ ಮಾಸ್ಟರು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದರು, ಅವನನ್ನು ಕಂಡರು, ಎಡ ಹುಬ್ಬು ಕುಣಿಸಿದರು.